ಹಿಮದ ಗುಡ್ಡಕ್ಕೆ ರಿಟರ್ನ್ ಹೊಡೆದದ್ದು

ಪ್ರಯಾಣ ಹೇಗೆ ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಸಾರ್ವಜನಿಕರ ಮಾಹಿತಿಗಾಗಿ ಹೇಳುತ್ತಿದ್ದೇನೆ. ಧಾರವಾಡದಿಂದ ಬಂದು ವಿಕ್ರೋಳಿಯಲ್ಲಿ ಬಿಡಾರ ಹೂಡಿ, ದಾದರಿನ ಆಫೀಸಿಗೆ ದಿನವೂ ಲೋಕಲ್‌ನಲ್ಲಿ ಹೋಗಿಬಂದು, ತಲೆಯ ಮೇಲಿನ ಕೂದಲನ್ನೆಲ್ಲ ಸೆಂಟ್ರಲ್ ಲೈನಿಗೆ ಅರ್ಪಿಸಿದವನು ನಾನು. ಇಂಥವನ ಮುಂದೆ ಯಾರಾದರೂ ಫೋನಿನಲ್ಲಿ ನಕ್ಷೆ ತೆರೆದು, ಹೀಗೆ ಹೋದರೆ ಹತ್ತಿರ ಎಂದರೆ ನನಗೆ ನಗು ಬರುವುದಿಲ್ಲ, ಮೈ ಉರಿಯುತ್ತದೆ.

ಸಂಜೆ ದಾದರ್ ಸ್ಟೇಷನ್ನಿಗೆ ಬಂದು ನೋಡಿ. ನಮ್ಮ ವಿಕ್ರೋಳಿಯ ಮೇಲೆ ಹಾದು ಕಲ್ಯಾಣಕ್ಕೆ ಹೋಗುವ ಗಾಡಿಗೆ ಕಾದು ನಿಂತ ಜನ ಕಾಣುತ್ತಾರೆ. ಬ್ಯಾಗನ್ನು ಹೊಟ್ಟೆಗೆ ಅವುಚಿಕೊಂಡು, ಬಂದ ಗಾಡಿಗೆ ಮುಗಿಬಿದ್ದು, ಒಂದು ಕಾಲು ಒಳಗಿಟ್ಟು ಇನ್ನೊಂದನ್ನು ದೇವರಿಗೆ ಬಿಟ್ಟು, ಪರರ ಬೆವರಿನಲ್ಲಿ ಮಿಂದು ಮನೆ ಸೇರುವ ಜನ. ಇವರೆಲ್ಲ ಓದಿದವರು, ಸಂಬಳ ಎಣಿಸುವವರು. ಆದರೂ ದಡ್ಡರು. ನಾನು ಏನು ಮಾಡುತ್ತೇನೆ ಗೊತ್ತೇ? ಮನೆಗೆ ಬೆನ್ನು ಹಾಕುತ್ತೇನೆ. ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ, ವಿ.ಟಿ. ಕಡೆ ಹೊರಟ ಖಾಲಿ ಗಾಡಿ ಹತ್ತಿ, ಕಿಟಕಿ ಪಕ್ಕ ಕೂರುತ್ತೇನೆ. ವಿ.ಟಿ. ಕೊನೆಯ ಸ್ಟೇಷನ್. ಅಲ್ಲಿ ಎಲ್ಲರೂ ಇಳಿಯುತ್ತಾರೆ, ನಾನು ಇಳಿಯುವುದಿಲ್ಲ. ಅದೇ ಗಾಡಿ ಮುಖ ತಿರುಗಿಸಿಕೊಂಡು ಕಲ್ಯಾಣಕ್ಕೆ ಹೊರಡುತ್ತದೆ, ಮತ್ತೆ ದಾದರಿಗೆ ಬರುತ್ತದೆ. ಆಗ ಕಿಟಕಿಯಿಂದ ಆ ದಡ್ಡರ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ. ಇದಕ್ಕೆ ನಮ್ಮ ಮುಂಬಯಿಯಲ್ಲಿ ರಿಟರ್ನ್ ಹೊಡೆಯುವುದು ಎನ್ನುತ್ತಾರೆ. ದಾದರಿನವರೆಗೆ ಸಾಕಾಗುವ ಪಾಸನ್ನು ನಾನು ವಿ.ಟಿ.ವರೆಗೆ ಮಾಡಿಸಿರುವುದು ಈ ಸುಖಕ್ಕಾಗಿಯೇ.

ಇನ್ನು ನನ್ನ ಹೆಂಡತಿ ಸುಮಂಗಲಾ. ವಿಕ್ರೋಳಿಯ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತಾಳೆ. ಹಿಮಾಲಯ, ಹಿಮನದಿ, ಹಿಮಪಾತ ಎಲ್ಲವನ್ನೂ ಬೋರ್ಡಿನ ಮೇಲೆ ಬಿಳಿ ಚಾಕಿನಿಂದ ಬಿಡಿಸಿ ಬಿಡಿಸಿ ಒಂದು ತಲೆಮಾರನ್ನೇ ಪಾಸು ಮಾಡಿಸಿದವಳು. ಒಂದು ದಿನ ಪಾಠದ ನಡುವೆ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಆಪ್‌ನೇ ಬರಫ್ ಕೋ ಹಾಥ್ ಲಗಾಯಾ ಹೈ?" ಎಂದು ಕೇಳಿದಳಂತೆ. ನೀವು ಹಿಮ ಮುಟ್ಟಿದ್ದೀರಾ ಎಂದು. ಸುಮಂಗಲಾಗೆ ಸುಳ್ಳು ಹೇಳಲು ಬರುವುದಿಲ್ಲ. ಫ್ರಿಜ್ಜಿನದು ಮುಟ್ಟಿದ್ದೇನೆ ಎಂದಳಂತೆ. ಇಡೀ ಕ್ಲಾಸು ನಕ್ಕಿತಂತೆ.

ಅವತ್ತು ಮನೆಗೆ ಬಂದವಳು ಚಹಾದ ಕಪ್ಪು ಹಿಡಿದು ನನ್ನೆದುರು ಕೂತಳು. ಆಮೇಲೆ, "ರೀ, ರಿಟೈರ್ ಆಗೂದರೊಳಗ ಒಮ್ಮೆ ಹಿಮದಾಗ ನಿಂದರಬೇಕು. ಬರೇ ನಿಂದರೂದಲ್ಲ, ಜಾರಬೇಕು. ಕಾಲಿಗೆ ಎರಡು ಪಟ್ಟಿ ಕಟ್ಟಿಕೊಂಡು ಜಾರ್ತಾರಲ್ಲ, ಹಂಗ," ಎಂದಳು.

"ಸ್ಕೀಯಿಂಗಾ? ನಿನ್ನ ವಯಸ್ಸಿಗೆ?"

"ನನ್ನ ವಯಸ್ಸು ನಾ ನೋಡ್ಕೋತೀನಿ. ನೀವು ಟಿಕೀಟು ನೋಡ್ರಿ."

ಉತ್ತರದಲ್ಲಿ, ಹಿಮದ ಗುಡ್ಡದ ಮೇಲೆ, ಹೊಸಬರಿಗೆ ಒಂದೇ ದಿನದಲ್ಲಿ ಜಾರುವುದನ್ನು ಕಲಿಸುವ ಸ್ಕೀ ಶಾಲೆಯನ್ನು ಅವಳೇ ಹುಡುಕಿದಳು. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿಯವರು ನನ್ನನ್ನು ಇನ್ನೂ ಮರೆತಿರಲಾರರು. ಅವಳ ಪರೀಕ್ಷೆ ಪೇಪರುಗಳ ಕೆಲಸ ಮುಗಿದು ರಜೆ ಸಿಗುವ ಹೊತ್ತಿಗೆ ಅಲ್ಲಿ ಹಿಮವೂ ಮುಗಿಯುತ್ತ ಬಂದಿತ್ತು. ಒಂದೇ ಒಂದು ಭಾನುವಾರ ಉಳಿದಿತ್ತು. ಆ ಮಧ್ಯಾಹ್ನದ ಪಾಠವೇ ಕೊನೆಯ ಪಾಠ. ಮರುದಿನದಿಂದ ಶಾಲೆ ಬೀಗ ಹಾಕಿಕೊಂಡು ಕೆಳಗಿಳಿಯುತ್ತದೆ. ಸುಮಂಗಲಾ ಆ ಭಾನುವಾರಕ್ಕೆ ಹೆಸರು ಕೊಟ್ಟಳು.

ಅಂದಿನಿಂದ ನಮ್ಮ ಮನೆಯ ಹಾಲ್‌ನಲ್ಲಿ ತರಬೇತಿ ಶುರುವಾಯಿತು. ಹಾಲ್ ಎಂದರೆ ಎಷ್ಟು, ಮುಂಬಯಿಯ ಹಾಲ್. ಸೋಫಾ ಮತ್ತು ಟೀವಿಯ ನಡುವೆ ಅವಳು ಎರಡು ಪೊರಕೆ ಕೋಲು ಹಿಡಿದು, ಮೊಣಕಾಲು ಬಗ್ಗಿಸಿ, ಬೆನ್ನು ಮುಂದಕ್ಕೆ ಬಾಗಿಸಿ ನಿಲ್ಲುತ್ತಿದ್ದಳು. ಫೋನಿನಲ್ಲಿ ಒಬ್ಬ ವಿದೇಶಿ ಹೆಂಗಸು ಏನೋ ಕೂಗುತ್ತಿದ್ದಳು.

"ನೋಡ್ರಿ, ಮುಂದಿನ ತುದಿ ಎರಡೂ ಕೂಡಿಸಿ, ಹಿಮ್ಮಡ ದೂರ ಇಟ್ರ ಸಮೋಸಾ ಆಗ್ತದ. ಸಮೋಸಾ ಮಾಡಿದ್ರ ನಿಲ್ತದ. ಎರಡೂ ಸೀದಾ ಇಟ್ರ ಓಡ್ತದ."

"ಓಡಿದರೆ ಎಲ್ಲಿಗೆ ಓಡುತ್ತಿ? ಎದುರಿಗೆ ಫ್ರಿಜ್ಜು."

ಅವಳು ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಮೋಸಾ ಮಾಡಿ ನಿಂತಳು.

ಈಗ ಮುಖ್ಯ ವಿಷಯಕ್ಕೆ ಬರೋಣ. ರೈಲು ಆ ಗುಡ್ಡದ ಬುಡದ ಜಂಕ್ಷನ್‌ವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಮೇಲಿನ ಸ್ಕೀ ಊರಿಗೆ ಅರ್ಧ ದಿನದ ಘಾಟ್ ರಸ್ತೆ. ಅದನ್ನು ಹೇಗೆ ಹತ್ತಬೇಕು ಎಂಬ ಬಗ್ಗೆ ನಮ್ಮ ಬಿಲ್ಡಿಂಗಿನ ಶೆಟ್ಟರು ಕೇಳದೆಯೇ ಸಲಹೆ ಕೊಟ್ಟರು. ಶೆಟ್ಟರದು ಸಾಂತಾಕ್ರೂಜ್‌ನಲ್ಲಿ ಹೋಟೆಲು. ಹಿಂದಿನ ಚಳಿಗಾಲದಲ್ಲಿ ಹೆಂಡತಿ ಮಕ್ಕಳೊಂದಿಗೆ ಅಲ್ಲಿಗೇ ಹೋಗಿ, ಹಿಮದಲ್ಲಿ ಮಲಗಿ ಫೋಟೊ ತೆಗೆಸಿಕೊಂಡು ಬಂದವರು.

"ಎಂಥ ತಲೆಬಿಸಿ ಮಾರಾಯ್ರೇ? ಸ್ಕೀ ಶಾಲೆಯವರದ್ದೇ ವ್ಯಾನ್ ಉಂಟು. ಸ್ಟೇಷನ್‌ಗೆ ಬರ್ತದೆ. ಒಬ್ಬ ನಿಮ್ಮ ಹೆಸರು ಬರೆದ ಬೋರ್ಡ್ ಹಿಡ್ಕೊಂಡು ನಿಂತಿರ್ತಾನೆ. ನೀವು ಹೋಗಿ ಕೂತ್ರೆ ಆಯ್ತು, ಸೀದಾ ಮೇಲೆ," ಎಂದರು.

"ಬೋರ್ಡು ಹಿಡಿದು ಕರೆದುಕೊಂಡು ಹೋಗಲು ನಾನೇನು ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವೇ ಶೆಟ್ಟರೇ?"

"ಹಾಗಲ್ಲ ದೇಸಾಯ್ರೇ, ಹೊಸ ಜಾಗ ಅಲ್ವಾ?"

"ಜಾಗ ಹೊಸದು. ಗಾಡಿ ಹತ್ತುವವನು ಹಳಬ."

ಶೆಟ್ಟರು ನಕ್ಕು ಲಿಫ್ಟಿನೊಳಗೆ ಹೋದರು. ಅವರ ನಗು ನನಗೆ ಹಿಡಿಸಲಿಲ್ಲ. ಸ್ವತಃ ಏನನ್ನೂ ಹುಡುಕಲಾರದೆ, ತಟ್ಟೆಯಲ್ಲಿ ಬಡಿಸಿಕೊಟ್ಟ ಪ್ರವಾಸವನ್ನು ಉಂಡು ಬರುವ ಈ ಪ್ಯಾಕೇಜ್ ಜನರನ್ನು ಕಂಡರೆ ನನಗೆ ಆಗುವುದಿಲ್ಲ. ಇವರು ಊರು ನೋಡುವುದಿಲ್ಲ, ಊರಿಗೆ ಇವರನ್ನು ತೋರಿಸಿ ವಾಪಸು ತರುತ್ತಾರೆ.

ನಾನು ಸಾರಿಗೆ ವ್ಯವಸ್ಥೆಗಳನ್ನೆಲ್ಲ ಕೂಲಂಕಷವಾಗಿ ಪರಿಶೀಲಿಸಿದೆ. ಟ್ಯಾಕ್ಸಿ: ಸೋಮಾರಿಗಳ ವಾಹನ, ತಿರಸ್ಕರಿಸಲಾಗಿದೆ. ಶೇರ್ ಜೀಪು: ಭರ್ತಿಯಾದ ಮೇಲೂ ಇನ್ನೂ ಭರ್ತಿಯಾಗಿಲ್ಲ ಎನ್ನುವ ವಾಹನ, ತಿರಸ್ಕರಿಸಲಾಗಿದೆ. ಶಾಲೆಯ ವ್ಯಾನು: ಟಿಫಿನ್ ಡಬ್ಬಿ ಕೊರಳಿಗೆ ಹಾಕಿಕೊಳ್ಳುವವರಿಗೆ. ಉಳಿದದ್ದು ಬಸ್ಸು. ಬಸ್ಸೆಂದರೆ ನುಗ್ಗಬೇಕು. ನುಗ್ಗುವುದರಲ್ಲಿ ದಾದರಿನವನನ್ನು ಮೀರಿಸುವ ಗಂಡು ಆ ಗುಡ್ಡಗಾಡಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹೊರಡುವ ಮುಂಚೆ ಸ್ಕೀ ಶಾಲೆಯಿಂದ ಫೋನ್ ಬಂತು. ವ್ಯಾನ್ ಕಳಿಸಲೇ ಎಂದು ಕೇಳುತ್ತಿದ್ದರು.

"ಹೂಂ ಅಂದುಬಿಡ್ರಿ," ಎಂದಳು ಸುಮಂಗಲಾ.

ನಾನು ಫೋನ್ ತೆಗೆದುಕೊಂಡು, "ಜರೂರತ್ ನಹೀಂ. ಹಮ್ ಬಾಂಬೇ ಸೇ ಹೈಂ," ಎಂದೆ. ಬೇಕಿಲ್ಲ, ನಾವು ಮುಂಬಯಿಯವರು ಎಂದು. ಆ ಕಡೆಯವನು ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಹುಡುಕುತ್ತಲೇ ಠೀಕ್ ಹೈ ಜೀ ಎಂದ. ಸುಮಂಗಲಾ ನನ್ನನ್ನು ನೋಡಿದಳು. ಫೋನ್ ವಾಪಸು ಇಸಿದುಕೊಂಡು ಒಳಗೆ ಹೋದಳು. ಆಗಲೇ ನಾನು ಎಚ್ಚರವಾಗಬೇಕಿತ್ತು.

ಭಾನುವಾರ ಬೆಳಿಗ್ಗೆ ಜಂಕ್ಷನ್ನಿನಲ್ಲಿ ಇಳಿದೆವು. ಮೇಲೆ ಹೆಪ್ಪುಗಟ್ಟುವ ಚಳಿ ಇರುತ್ತದೆಂದು ರೈಲಿನಲ್ಲೇ ಇಬ್ಬರೂ ಎರಡೆರಡು ಸ್ವೆಟರು, ಮೇಲೊಂದು ಜಾಕೆಟು, ಉಣ್ಣೆಯ ಟೊಪ್ಪಿಗೆ, ದಪ್ಪ ಬೂಟು ಹಾಕಿಕೊಂಡಿದ್ದೆವು. ಜನರೆಲ್ಲ ಮುಖ್ಯ ಬಾಗಿಲಿನ ಕಡೆ ಹೊರಟರು. ಮುಖ್ಯ ಬಾಗಿಲಿನಿಂದ ಹೊರಗೆ ಹೋಗುವವರು ಯಾರು? ಹೊರಗಿನವರು. ನಾನು ಬ್ಯಾಗು ಎತ್ತಿಕೊಂಡು ಪ್ಲಾಟ್‌ಫಾರ್ಮಿನ ಕೊನೆಯ ಸೇತುವೆ ಹತ್ತಿದೆ.

"ಆ ಕಡೆ ಯಾಕ್ರೀ? ದೊಡ್ಡ ಬಾಗಿಲಿನ ಕಡೆ ಹೋಗೂಣು."

"ಅದು ಈಸ್ಟು. ಗದ್ದಲ. ನಾವು ವೆಸ್ಟಿಗೆ ಇಳಿಯೋಣ."

"ಇದೇನು ದಾದರಾ?"

"ಎಲ್ಲಾ ಸ್ಟೇಷನ್ನಿಗೂ ಒಂದು ವೆಸ್ಟು ಇರುತ್ತದೆ."

ಇತ್ತು. ಅಲ್ಲಿ ಒಂದು ಚಹಾ ಗಾಡಿ, ನಾಲ್ಕು ಆಕಳು, ಮತ್ತು ಬಸ್ ಸ್ಟ್ಯಾಂಡು. ಮೇಲಿನ ಊರಿಗೆ ಹೋಗುವ ಬಸ್ಸು ನಿಂತಿತ್ತು. ಅದರ ಸ್ಥಿತಿ ನೋಡಿ ನನಗೇ ದಾದರಿನ ನೆನಪಾಯಿತು. ಬಾಗಿಲಲ್ಲಿ ಜನ, ಏಣಿಯ ಮೇಲೆ ಜನ, ಮೇಲೆ ಮೂಟೆಗಳ ನಡುವೆ ಒಂದು ಕುರಿ. ಸುಮಂಗಲಾ ಜಾಕೆಟಿನೊಳಗೆ ಬೆವರುತ್ತ ಹಿಂದಕ್ಕೆ ಹಿಂದಕ್ಕೆ ಮುಖ್ಯ ಬಾಗಿಲಿನ ಕಡೆಯೇ ನೋಡುತ್ತಿದ್ದಳು.

ಆಗ ನನ್ನ ಕಣ್ಣಿಗೆ ಅದು ಬಿತ್ತು. ರಸ್ತೆಯ ಆಚೆ ಬದಿಗೆ ಇನ್ನೊಂದು ಬಸ್ಸು. ಮುಂದಿನ ಗಾಜಿಗೆ ಅದೇ ಸ್ಕೀ ಊರಿನ ಹೆಸರಿನ ಹಲಗೆ. ಮುಖ ಮಾತ್ರ ವಿರುದ್ಧ ದಿಕ್ಕಿಗೆ. ಒಳಗೆ ಒಂದು ನರಪಿಳ್ಳೆಯಿಲ್ಲ. ಕಿಟಕಿ ಸೀಟುಗಳೆಲ್ಲ ಖಾಲಿ ಬಿದ್ದುಕೊಂಡು ನನ್ನನ್ನೇ ಕರೆಯುತ್ತಿದ್ದವು. ಒಬ್ಬ ಮುಂಬಯಿಕರನಿಗೆ ಇದಕ್ಕಿಂತ ಹೆಚ್ಚಿನ ದೈವಸಂಕೇತ ಬೇಕೇ? ಬಾಗಿಲಲ್ಲಿ ನಿಂತ ಕಂಡಕ್ಟರನನ್ನು ವಿಚಾರಿಸಿದೆ.

"ಏ ಗಾಡಿ ಸ್ಕೀ ವಾಲಾ ಹೈ ನಾ?"

"ಹಾಂ ಜೀ, ಸ್ಕೀ ವಾಲೀ."

"ಅಭೀ ನೀಚೇ ಜಾಯೇಗಾ?"

"ಹಾಂ ಜೀ, ನೀಚೇ."

"ರಿಟರ್ನ್?"

"ಹಾಂ ಜೀ, ರಿಟರ್ನ್."

"ಇತ್ನಾ ಖಾಲಿ?"

"ರಿಟರ್ನ್ ಮೇಂ ಖಾಲಿ ಹೀ ಹೋತೀ ಹೈ ಜೀ."

ನೋಡಿ, ಎಷ್ಟು ಸ್ಪಷ್ಟ. ಗಾಡಿ ಈಗ ಕೆಳಗೆ ಹೋಗುತ್ತದೆ, ರಿಟರ್ನಿನಲ್ಲಿ ಖಾಲಿಯೇ ಇರುತ್ತದೆ! ಈ ಸತ್ಯ ಆ ಕಂಡಕ್ಟರನಿಗೂ ಗೊತ್ತಿತ್ತು, ಆದರೆ ಎದುರಿನ ಬಸ್ಸಿಗೆ ಜೋತುಬಿದ್ದ ಆ ಊರಿನ ಜನರಿಗೆ ಹೊಳೆದಿರಲಿಲ್ಲ. ನನಗೆ ಅವರ ಮೇಲೆ ಅಸಹ್ಯವೇ ಬಂತು. ಬಸ್ಸು ಕೆಳಗಿನ ಕೊನೆಯ ಸ್ಟಾಪಿಗೆ ಹೋಗಿ, ಮುಖ ತಿರುಗಿಸಿಕೊಂಡು, ಇದೇ ದಾರಿಯಲ್ಲಿ ಮೇಲೆ ಹೋಗುತ್ತದೆ. ನಾವು ಕಾಲು ಚಾಚಿ ಕೂತಿರುತ್ತೇವೆ. ಸುಮಂಗಲಾಗೆ ಒಂದು ಕಿಟಕಿ ಕೊಟ್ಟು, ನಾನೊಂದು ಕಿಟಕಿ ಹಿಡಿದೆ.

ಬಸ್ಸು ಹೊರಟು, ಸ್ಟೇಷನ್ನಿನ ಸುತ್ತ ತಿರುಗಿ, ಮುಖ್ಯ ಬಾಗಿಲಿನ ಮುಂದೆ ಬಂತು. ಅಲ್ಲಿ ಬಿಳಿ ವ್ಯಾನಿನ ಪಕ್ಕ ಒಬ್ಬ ಯುವಕ ಎರಡೂ ಕೈಯಲ್ಲಿ ಹಲಗೆ ಎತ್ತಿ ಹಿಡಿದು ನಿಂತಿದ್ದ.

"ರೀ," ಎಂದಳು ಸುಮಂಗಲಾ ಸಣ್ಣ ದನಿಯಲ್ಲಿ. "ನನ್ನ ಹೆಸರು ಅಲ್ಲಿ ನಿಂತದ."

ಹೌದು, ಹಲಗೆಯ ಮೇಲೆ ಹಿಂದಿಯಲ್ಲಿ ದೊಡ್ಡದಾಗಿ ಸುಮಂಗಲಾ ಜೀ ಎಂದಿತ್ತು.

"ಇದೇನಿದು? ನಾನು ಬೇಡ ಅಂದಿದ್ದೆನಲ್ಲ?"

"ಮರುದಿನ ನಾನ ಫೋನ್ ಮಾಡಿ, ಕಳಸ್ರಿ ಅಂದಿದ್ದೆ. ನಿಮಗ ಹೇಳಿದ್ರ ರೈಲಿನ ತುಂಬ ಭಾಷಣ ಕೇಳಬೇಕಾಗ್ತಿತ್ತು. ಬಾಗಿಲಿಗೆ ಹೋದ್ರ ತಾನ ಸಿಗ್ತಾನ, ಆಗ ನೀವು ಸುಮ್ಮನ ಹತ್ತತೀರಿ ಅನ್ಕೊಂಡಿದ್ದೆ. ನೀವು ವೆಸ್ಟಿಗೆ ಇಳಿಸಿದ್ರಿ. ಈಗ ಇಳಿಯೂಣ್ರಿ."

"ಇಳಿಯೋದಾ? ಕಿಟಕಿ ಸೀಟು ಬಿಟ್ಟು? ಸ್ವಲ್ಪ ತಡಿ. ಇದೇ ಗಾಡಿ ತಿರುಗಿ ಇಲ್ಲಿಗೇ ಬರುತ್ತದೆ. ಆಗ ಅವನಿಗೆ ಟಾಟಾ ಮಾಡು."

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ವ್ಯಾನಿನವನೇ. ನಾನು ಅವಳ ಕೈಯಿಂದ ಫೋನ್ ಕಿತ್ತುಕೊಂಡು, "ಆಪ್ ಜಾವ್. ಹಮ್ ರಿಟರ್ನ್ ಮೇಂ ಹೈಂ," ಎಂದೆ.

"ರಿಟರ್ನ್?" ಅವನ ದನಿ ಕುಗ್ಗಿತು. "ಕ್ಯಾ ಹುವಾ ಜೀ? ಘರ್ ಮೇಂ ಸಬ್ ಠೀಕ್ ತೋ ಹೈ?"

ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಕೇಳುತ್ತಿದ್ದಾನೆ! ಇಂಥ ಪೆದ್ದನ ಕೈಯಲ್ಲಿ ವ್ಯಾನ್ ಕೊಟ್ಟಿದ್ದಾರಲ್ಲ ಎಂದುಕೊಂಡೆ. ಎಲ್ಲ ಠೀಕ್, ನೀನು ಹೋಗು ಎಂದು ಫೋನ್ ಇಟ್ಟೆ. ಹೀಗೆ ನಮ್ಮನ್ನು ಮೇಲೆ ಕರೆದೊಯ್ಯಬೇಕಾಗಿದ್ದ ಒಂದೇ ಒಂದು ವಾಹನವನ್ನು ನಾನು ಸ್ವಹಸ್ತದಿಂದ, ಅಂದರೆ ಸ್ವಂತ ಬಾಯಿಂದ, ಕಳಿಸಿಕೊಟ್ಟೆ.

ಬಸ್ಸು ಊರು ದಾಟಿತು. ಕಬ್ಬಿನ ಗದ್ದೆ ಬಂತು. ಇಟ್ಟಿಗೆ ಭಟ್ಟಿ ಬಂತು. ಗೋಧಿ ಹೊಲ ಬಂತು. ಕೊನೆಯ ಸ್ಟಾಪು ಬರಲಿಲ್ಲ. ಸೆಕೆ ಏರುತ್ತಿತ್ತು. ಮೊದಲು ಟೊಪ್ಪಿಗೆ ತೆಗೆದೆ. ಆಮೇಲೆ ಜಾಕೆಟು. ಎರಡನೇ ಸ್ವೆಟರಿಗೆ ಬರುವ ಹೊತ್ತಿಗೆ ಟೋಲ್ ನಾಕಾ ಬಂತು.

"ರೀ, ಹಿಮಾಲಯ ಯಾವ ದಿಕ್ಕಿಗದ?" ಎಂದಳು ಸುಮಂಗಲಾ.

"ಉತ್ತರಕ್ಕೆ."

"ಬೆಳಗಿನ ಬಿಸಿಲು ನನ್ನ ಎಡಗಲ್ಲಕ್ಕ ಬೀಳಾಕತ್ತದ."

"ಬಿದ್ದರೆ ಪರದೆ ಎಳಕೋ."

"ಪರದೆ ಮಾತಲ್ರೀ. ಎಡಕ್ಕ ಪೂರ್ವ ಇದ್ರ ಮುಂದ ದಕ್ಷಿಣ. ಇದು ಆರನೇ ಕ್ಲಾಸಿನ ಪಾಠ."

"ಕೆಳಗೆ ಹೋಗದೆ ರಿಟರ್ನ್ ಹ್ಯಾಗೆ ಆಗುತ್ತದೆ? ದಾದರಿನಿಂದ ವಿ.ಟಿ.ಯೂ ದಕ್ಷಿಣಕ್ಕೇ ಇದೆ." ಈ ಉತ್ತರದ ತರ್ಕಬದ್ಧತೆಗೆ ನಾನೇ ಮೆಚ್ಚಿ ತಲೆದೂಗಿದೆ.

ಕಂಡಕ್ಟರ್ ಹತ್ತಿರ ಬಂದು ಎಲ್ಲಿ ಇಳಿಯುತ್ತೀರಿ ಎಂದು ಕೇಳಿದ.

"ಉತರ್‌ನಾ ನಹೀಂ ಹೈ," ಎಂದೆ. "ಹಮ್ ಬೈಠೇ ರಹೇಂಗೇ."

ಇಳಿಯುವುದಿಲ್ಲ, ಕೂತೇ ಇರುತ್ತೇವೆ ಎಂದ ಪ್ರಯಾಣಿಕನನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲವೆಂದು ತೋರುತ್ತದೆ. ನನಗೆ ಅವನ ಅಜ್ಞಾನ ಕಂಡು ಮರುಕವಾಯಿತು. ದಾದರ್, ವಿ.ಟಿ., ಕಲ್ಯಾಣ, ಕಿಟಕಿ, ಎಲ್ಲವನ್ನೂ ಬಿಡಿಸಿ ಹೇಳಿದೆ. ಮುಂದಿನ ಸೀಟಿನ ಬೆನ್ನ ಮೇಲೆ ಬೆರಳಿನಿಂದ ಹಳಿಗಳನ್ನು ಎಳೆದು ತೋರಿಸಿದೆ. ಅವನು ಬಾಯಿ ತೆರೆದು ಕೇಳಿದ. ಕೇಳಿ, ಮುಂದೆ ಹೋಗಿ ಡ್ರೈವರನ ಕಿವಿಯಲ್ಲಿ ಹೇಳಿದ. ಡ್ರೈವರ್ ಬಸ್ಸನ್ನು ರಸ್ತೆಯ ಬದಿಗೆ ತೆಗೆದುಕೊಂಡು, ಬ್ರೇಕು ಹಾಕಿ, ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ನಕ್ಕ.

ಆಮೇಲೆ ಕಂಡಕ್ಟರ್ ಬಹಳ ಮರ್ಯಾದೆಯಿಂದ ವಿವರಿಸಿದ. ಅವರ ಕಡೆ ರಿಟರ್ನ್ ಎಂದರೆ ಕೆಲಸ ಮುಗಿಸಿ ಮನೆಗೆ ಹೊರಟ ಗಾಡಿ. ಈ ಬಸ್ಸು ಚಳಿಗಾಲವೆಲ್ಲ ಜನರನ್ನು ಮೇಲೆ ಸಾಗಿಸಿದ್ದು, ಹಿಮ ಮುಗಿಯಿತೆಂದು ದೂರದ ಬಯಲುಸೀಮೆಯ ತನ್ನೂರಿಗೆ ವಾಪಸು ಹೊರಟಿತ್ತು. ಹಲಗೆ ತೆಗೆಯುವುದನ್ನು ಮರೆತಿದ್ದರು, ಅಷ್ಟೇ.

"ಫಿರ್ ಊಪರ್ ಕಬ್ ಜಾಯೇಗಾ?" ಎಂದೆ. ಮತ್ತೆ ಮೇಲೆ ಹೋಗುವುದು ಯಾವಾಗ?

"ಅಬ್ ತೋ ಜೀ, ಅಗಲೀ ಬರಫ್ ಮೇಂ."

ಮುಂದಿನ ಹಿಮ ಬಿದ್ದಾಗ. ಅಲ್ಲಿಯವರೆಗೆ ಕಿಟಕಿ ಸೀಟು ನನ್ನದೇ.

ಹೆದ್ದಾರಿಯಲ್ಲಿ ಒಂದು ಢಾಬಾದ ಮುಂದೆ ನಮ್ಮನ್ನು ಇಳಿಸಿದರು. ಸುಮಂಗಲಾ ವ್ಯಾನಿನವನಿಗೆ ಫೋನ್ ಮಾಡಿದಳು. ಅವನು ಅರ್ಧ ಗುಡ್ಡ ಹತ್ತಿಯಾಗಿತ್ತು. ಜಂಕ್ಷನ್ ಕಡೆಗೆ ಹೋಗುವ ಒಂದು ಬಸ್ಸು ಬಹಳ ಹೊತ್ತಿನ ಮೇಲೆ ಬಂತು. ಅದರಲ್ಲಿ ಸೀಟಿರಲಿಲ್ಲ. ನಾನು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು, ಕೈಯಲ್ಲಿ ನಾಲ್ಕು ಸ್ವೆಟರು ಅವುಚಿಕೊಂಡು, ಒಬ್ಬ ಹಾಲಿನವನ ಕ್ಯಾನಿಗೆ ಒರಗಿ ನಿಂತೆ. ಕಿಟಕಿ ಪಕ್ಕ ಕೂತ ಒಬ್ಬ ಮುದುಕ ಕಡಲೆ ತಿನ್ನುತ್ತ ದಾರಿಯುದ್ದಕ್ಕೂ ನನ್ನನ್ನೇ ನೋಡಿದ. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ದಿನಾ ಸಂಜೆ ದಾದರಿನಲ್ಲಿ ನಾನು ನೋಡುವ ನೋಟ.

ಜಂಕ್ಷನ್ ತಲುಪಿದಾಗ ಮೇಲೆ ಪಾಠ ಶುರುವಾಗಿತ್ತು. ಸುಮಂಗಲಾ ಮತ್ತೊಮ್ಮೆ ಫೋನ್ ಮಾಡಿ, ಆ ಕಡೆಯವರು ಹೇಳಿದ್ದನ್ನೆಲ್ಲ ಕೇಳಿ, "ಅಚ್ಛಾ ಜೀ," ಎಂದು ಇಟ್ಟಳು. ಈಗ ಟ್ಯಾಕ್ಸಿ ಹಿಡಿದರೂ ಮುಟ್ಟುವ ಹೊತ್ತಿಗೆ ಕತ್ತಲಾಗುತ್ತಿತ್ತು. ನಮ್ಮ ವಾಪಸಿನ ರೈಲು ಮರುದಿನ ಬೆಳಿಗ್ಗೆ. ಹಿಮ ಮುಟ್ಟುವ ದಾರಿ ಆ ವರ್ಷದ ಮಟ್ಟಿಗೆ ಮುಗಿದಿತ್ತು.

ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಸಂಜೆಯ ಹೊತ್ತಿಗೆ ಆಕಾಶ ತಿಳಿಯಾಗಿ, ಪ್ಲಾಟ್‌ಫಾರ್ಮಿನ ಕೊನೆಯಿಂದ ಬಹಳ ದೂರದಲ್ಲಿ ಬೆಟ್ಟಗಳ ನೆತ್ತಿ ಕಂಡಿತು. ಬಿಳಿ ಗೆರೆ. ಅವಳು ಬೋರ್ಡಿನ ಮೇಲೆ ಎಳೆಯುವ ಚಾಕಿನ ಗೆರೆಯಷ್ಟೇ ಇತ್ತು. ಬೆಂಚಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಕೆಳಗೆ, ದಪ್ಪ ಬೂಟಿನೊಳಗೆ, ಅವಳ ಪಾದಗಳು ತಾವಾಗಿಯೇ ತುದಿ ಕೂಡಿಸಿ, ಹಿಮ್ಮಡ ದೂರ ಮಾಡಿ ಸಮೋಸಾ ಮಾಡಿಕೊಂಡಿದ್ದವು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ.

"ತಪ್ಪಾಯ್ತು," ಎಂದೆ.

"ಇರ್ಲಿ ಬಿಡ್ರಿ," ಎಂದಳು. "ಬಸ್ಸು ಆರಾಮಿತ್ತು. ಹಿಂಗ ಕಾಲು ಚಾಚಿ ಕೂತು ಎಂದೂ ದಾರಿ ತಪ್ಪಿದ್ದಿಲ್ಲ."

ಮುಂಬಯಿಗೆ ಬಂದ ಮೇಲೆ ಲಿಫ್ಟಿನಲ್ಲಿ ಶೆಟ್ಟರು ಸಿಕ್ಕರು. ಹೇಗಿತ್ತು ಹಿಮ ಎಂದರು. ನಾನು ಹವಾಮಾನದ ಏರುಪೇರು, ಜಾಗತಿಕ ತಾಪಮಾನ ಎಂದು ಏನೋ ಶುರು ಮಾಡುವಷ್ಟರಲ್ಲಿ ಸುಮಂಗಲಾ, "ಇವರು ಗುಡ್ಡಕ್ಕ ರಿಟರ್ನ್ ಹೊಡೆದ್ರು ಶೆಟ್ರ," ಎಂದಳು. ಶೆಟ್ಟರು ಮುಂಬಯಿಯವರಲ್ಲವೇ, ಮುಂದೆ ಒಂದು ಅಕ್ಷರ ವಿವರಿಸಬೇಕಾಗಲಿಲ್ಲ. ಅವರು ಇಳಿಯಬೇಕಾದ ಮಾಳಿಗೆ ಬಂದು, ಹೋಗಿ, ಲಿಫ್ಟು ಮತ್ತೆ ಕೆಳಗಿಳಿದರೂ ಅವರಿಗೆ ನಗು ನಿಲ್ಲಲಿಲ್ಲ. ಅಂದಿನಿಂದ ಬಿಲ್ಡಿಂಗಿನಲ್ಲಿ ನಾನು ರಿಟರ್ನ್ ದೇಸಾಯಿ. ವಾಚ್‌ಮನ್ ಕೂಡ ಹಾಗೆಯೇ ಅನ್ನುತ್ತಾನೆ. ಶಾಲೆಯಲ್ಲಿ ಆ ಹುಡುಗಿ ಮತ್ತೆ ಕೇಳಿದಳಂತೆ. ದೂರದಿಂದ ನೋಡಿದೆ ಎಂದಳಂತೆ ಸುಮಂಗಲಾ. ಈ ಸಲ ಕ್ಲಾಸು ನಗಲಿಲ್ಲವಂತೆ.

ನಾಚಿಕೆಗೆ ನಾನು ದಾದರಿನಲ್ಲಿ ರಿಟರ್ನ್ ಹೊಡೆಯುವುದನ್ನೇ ಬಿಟ್ಟೆ. ಎಲ್ಲ ದಡ್ಡರ ಜೊತೆ ಬ್ಯಾಗು ಹೊಟ್ಟೆಗೆ ಅವುಚಿಕೊಂಡು ನಿಂತೇ ಮನೆಗೆ ಬಂದೆ.

ಮುಂದಿನ ಚಳಿಗಾಲ ಬಂತು. ನಾನು ಸ್ವೆಟರುಗಳನ್ನು ಬಿಸಿಲಿಗೆ ಹಾಕುತ್ತಿದ್ದೆ. ಸುಮಂಗಲಾ ತನ್ನದೊಂದನ್ನು ಮಾತ್ರ ಎತ್ತಿಕೊಂಡಳು.

"ನೀವು ಬ್ಯಾಡ್ರಿ. ನಾ ಒಬ್ಬಾಕಿನ ಹೋಗಿಬರ್ತೀನಿ."

"ಸ್ಟೇಷನ್ನಿನಿಂದ ಮೇಲೆ ಹ್ಯಾಗೆ ಹೋಗುತ್ತಿ?" ಅಭ್ಯಾಸಬಲದಿಂದ ಬಾಯಿಗೆ ಬಂತು.

ಅವಳು ಸ್ವೆಟರು ಮಡಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ನಾನು ಉಳಿದ ಸ್ವೆಟರುಗಳನ್ನು ಕಪಾಟಿನಲ್ಲಿ ಇಟ್ಟೆ.

ಅವಳ ಪಾಠದ ದಿನ ನಾನು ದಾದರಿನ ಆಫೀಸಿನಲ್ಲಿ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಏನೂ ಬರಲಿಲ್ಲ. ಬಿದ್ದಳೋ, ಕಾಲು ಮುರಿದುಕೊಂಡಳೋ, ಈ ಸಲವೂ ಯಾವನಾದರೂ ಬುದ್ಧಿವಂತ ಅಡ್ಡ ಬಂದನೋ. ಸಂಜೆ ಸ್ಟೇಷನ್ನಿನಲ್ಲಿ ಎಂದಿಗಿಂತ ಹೆಚ್ಚು ಜನ. ನಿಂತು ಫೋನ್ ನೋಡಲೂ ಕೈ ಎತ್ತುವಂತಿರಲಿಲ್ಲ. ಇವತ್ತು ಒಂದು ದಿನ ಎಂದುಕೊಂಡು ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ, ವಿ.ಟಿ. ಗಾಡಿ ಹತ್ತಿ, ಕಿಟಕಿ ಪಕ್ಕ ಕೂತೆ. ಹಳೆಯ ಸಿಂಹಾಸನ ಮರಳಿ ಸಿಕ್ಕಂತಾಯಿತು. ವಿ.ಟಿ.ಯಲ್ಲಿ ಎಲ್ಲರೂ ಇಳಿದರು. ನಾನು ಇಳಿಯಲಿಲ್ಲ.

ಆಗ ಫೋಟೊ ಬಂತು. ಮೊದಲನೆಯದರಲ್ಲಿ ಬಿಳಿ ವ್ಯಾನು, ಅದೇ ಯುವಕ, ಅದೇ ಹಲಗೆ. ಎರಡನೆಯದರಲ್ಲಿ ಸುಮಂಗಲಾ. ಸುತ್ತಲೂ ಬಿಳುಪು. ಕಾಲಿಗೆ ಉದ್ದನೆಯ ಪಟ್ಟಿಗಳು, ತುದಿ ಎರಡೂ ಕೂಡಿದ್ದವು. ಕೈಗವಸು ತೆಗೆದು ಬರಿಗೈಯಲ್ಲಿ ಒಂದು ಹಿಡಿ ಹಿಮ ಹಿಡಿದಿದ್ದಳು. ಕೆಳಗೆ ಬರೆದಿದ್ದಳು: "ಸಮೋಸಾ ಮಾಡಿದೆ. ನಿಂತಿತು."

ಅವಳ ಮುಖವನ್ನು ದೊಡ್ಡದು ಮಾಡಿ ನೋಡಿದೆ. ಇಷ್ಟು ವರ್ಷ ಜೊತೆಗಿದ್ದರೂ ನಾನು ಕಾಣದ ನಗು ಅದು. ನನಗೆ ಬಹಳ ಸಂತೋಷವಾಯಿತು. ಧ್ವನಿವರ್ಧಕದಲ್ಲಿ ಮರಾಠಿಯಲ್ಲಿ ಏನೋ ಹೇಳುತ್ತಿದ್ದರು, ಹಿಂದಿಯಲ್ಲಿಯೂ ಹೇಳಿದರು. ಈ ಗಾಡಿಯ ಬಗ್ಗೆಯೇ ಇರಬೇಕು. ನಾನು ಕೇಳಲಿಲ್ಲ. ಗಾಡಿಯ ಬಗ್ಗೆ ನನಗೆ ಯಾರೂ ಹೇಳಬೇಕಾಗಿಲ್ಲವಲ್ಲ. ಗಾಡಿ ಹೊರಟಿತು. ಫೋಟೊವನ್ನು ಶೆಟ್ಟರಿಗೆ ಕಳಿಸಿದೆ, ಆಫೀಸಿನವರಿಗೆಲ್ಲ ಕಳಿಸಿದೆ.

ಗಾಡಿ ನಿಂತಾಗ ತಲೆ ಎತ್ತಿ ನೋಡಿದೆ. ಪ್ಲಾಟ್‌ಫಾರ್ಮ್ ಇರಲಿಲ್ಲ. ಎರಡೂ ಬದಿಗೆ ಖಾಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಫ್ಯಾನು ನಿಂತಿತು. ದೀಪ ಆರಿತು. ಪೊರಕೆ ಹಿಡಿದು ಹತ್ತಿದ ಒಬ್ಬಾತ ನನ್ನನ್ನು ಕಂಡು ಬೆಚ್ಚಿಬಿದ್ದ.

"ಸಾಹೇಬ್, ಇಧರ್ ಕೈಸೇ? ಗಾಡಿ ಯಾರ್ಡ್ ಮೇಂ ಆ ಗಯೀ. ಅಬ್ ಕಲ್ ನಿಕಲೇಗೀ."

ಗಾಡಿ ರಾತ್ರಿ ತಂಗುವ ಯಾರ್ಡಿಗೆ ಬಂದಿದೆ, ಇನ್ನು ಹೊರಡುವುದು ನಾಳೆ. ಎದ್ದು ಬಾಗಿಲ ಬಳಿ ಹೋಗಿ ಕೆಳಗೆ ನೋಡಿದೆ. ನೆಲ ಬಹಳ ಆಳದಲ್ಲಿತ್ತು. ಅಷ್ಟರಲ್ಲಿ ಫೋನ್ ಮಿನುಗಿತು. ಹಿಮದ ಗುಡ್ಡದ ಮೇಲಿಂದ ಸುಮಂಗಲಾ ಬರೆದಿದ್ದಳು: "ಮನಿಗೆ ಹೊಂಟೀರೇನು? ಸೀಟು ಸಿಕ್ಕತೋ ಇಲ್ಲೋ?"

"ಸಿಕ್ಕದ," ಎಂದು ಬರೆದೆ. "ಇಡೀ ಡಬ್ಬಿ ನಂದ ಅದ."